ಪ್ರಾರ್ಥನೆ ಇಲ್ಲದ ಬಾರ್ ಮಿಟ್ಸ್ವಾ: ಹನ್ನೊಂದರಿಂದ ಹದಿಮೂರರವರೆಗೆ ಮಗುವನ್ನು ತಯಾರು ಮಾಡುವ ಕ್ರಮ

ಬಾರ್ ಮಿಟ್ಸ್ವಾಗೆ, ಅಂದರೆ ಯಹೂದಿ ಮಗು ಹದಿಮೂರರ ಹೊತ್ತಿಗೆ ದೊಡ್ಡವರ ಸಾಲಿಗೆ ಸೇರುವ ಸಮಾರಂಭಕ್ಕೆ, ಇನ್ನು ಮೂರೇ ತಿಂಗಳು ಉಳಿದಿದೆ. ಹಾಲ್ ಬುಕ್ ಆಗಿದೆ, ಆಮಂತ್ರಣ ಹೋಗಿದೆ, ಊಟದವರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಮಗಳು ಮಾತ್ರ ಖಾಲಿ ಪುಟ ಮುಂದಿಟ್ಟುಕೊಂಡು ಕೂತಿದ್ದಾಳೆ. "ನಾನು ಇದನ್ನೆಲ್ಲ ನಂಬಲ್ಲ, ಮತ್ತೆ ಯಾಕಮ್ಮ ಮಾಡಬೇಕು?" ಅಂತ ಕೇಳುತ್ತಾಳೆ.

ನಾನು ನ್ಯೂಜೆರ್ಸಿಯಲ್ಲಿ ಸೆಕ್ಯುಲರ್ ಯಹೂದಿ ಮಕ್ಕಳ ಭಾನುವಾರದ ಶಾಲೆಯಲ್ಲಿ ಮೆಂಟರ್ ಆಗಿದ್ದೇನೆ. ಗಂಡನ ಮನೆಯವರು ಯಹೂದಿಗಳು, ದೇವರನ್ನು ನಂಬದವರು. ನನ್ನ ತವರು ಮೈಸೂರು. ಇಬ್ಬರು ಮಕ್ಕಳಿಗೂ ಇದನ್ನು ಮಾಡಿದ್ದೇವೆ. ನಮ್ಮ ಹಾಗೆ ಮಿಶ್ರ ಮದುವೆಯಾದ ಕನ್ನಡದ ಮನೆಗಳಿಂದ ಫೋನ್ ಬರುತ್ತಲೇ ಇರುತ್ತದೆ, ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಒಂದೇ ಜಾಗದಲ್ಲಿ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಸಮಾರಂಭದಿಂದ ಶುರು ಮಾಡಿ ಮಗುವಿನ ಕಡೆಗೆ ಬರುತ್ತಾರೆ. ಅದು ಮಗುವಿನಿಂದ ಶುರುವಾಗಿ ಸಮಾರಂಭಕ್ಕೆ ಬರಬೇಕು.

ಊರಿನವರಿಗೆ ಹೇಳುವಾಗ "ಮುಂಜಿ ಇದ್ದ ಹಾಗೆ" ಅಂದುಬಿಡುತ್ತೇವೆ. ತಯಾರಿಗೆ ಇಳಿಯುವಾಗ ಆ ಹೋಲಿಕೆ ಬಿಡಿ. ಉಪನಯನದಲ್ಲಿ ವಿಧಿ ನಡೆಯದೆ ಏನೂ ಆಗುವುದಿಲ್ಲ. ಇಲ್ಲಿ ಹಾಗಲ್ಲ. ಯಹೂದಿ ಸಂಪ್ರದಾಯದಲ್ಲೇ ಹುಡುಗನಿಗೆ 13 ತುಂಬಿದ ದಿನ ಅವನು ಬಾರ್ ಮಿಟ್ಸ್ವಾ ಆದ ಹಾಗೆ, ಸಮಾರಂಭ ಮಾಡಿದರೂ ಸರಿ, ಬಿಟ್ಟರೂ ಸರಿ. ಹುಡುಗಿಗೆ ಬಾಟ್ ಮಿಟ್ಸ್ವಾ, 12ಕ್ಕೆ ಅಥವಾ 13ಕ್ಕೆ. ಸೆಕ್ಯುಲರ್ ದಾರಿಯಲ್ಲಿ ಯಹೂದಿ ಧರ್ಮಗ್ರಂಥವಾದ ತೋರಾದ ಪಠಣದ ಜಾಗಕ್ಕೆ ಮಗುವಿನ ಸ್ವಂತ ಕೆಲಸ ಬರುತ್ತದೆ: ಮನೆತನದ ಕಥೆ, ಒಬ್ಬ ಆದರ್ಶ ವ್ಯಕ್ತಿ, ಒಂದು ದೊಡ್ಡ ಪ್ರಶ್ನೆ, ಸ್ವಲ್ಪ ಸೇವೆ. ಕೊನೆಗೆ ಎಲ್ಲರ ಮುಂದೆ ಒಂದು ಭಾಷಣ.

## ಕೈಯಲ್ಲಿ ಏನೇನು ಇರಬೇಕು

ಹದಿನೆಂಟು ತಿಂಗಳ ಸಮಯ ಇರಲಿ. ಹನ್ನೆರಡಾದರೂ ನಡೆಯುತ್ತದೆ, ಅದಕ್ಕಿಂತ ಕಡಿಮೆಯಾದರೆ ಮಗು ಬರೆಯುವುದಿಲ್ಲ, ನೀವೇ ಬರೆಯುತ್ತೀರಿ.

ದಪ್ಪ ನೋಟ್‌ಬುಕ್ ಒಂದು, ರೆಕಾರ್ಡ್ ಮಾಡಲು ಫೋನ್, ಹಳೆ ಫೋಟೊ ಮತ್ತು ಕಾಗದ ಹಾಕಿಡಲು ಮುಚ್ಚಳವಿರುವ ಡಬ್ಬ, ಗೋಡೆಗೆ ಹಾಕುವ ಕ್ಯಾಲೆಂಡರ್. ಇದರ ಜೊತೆ ಒಬ್ಬ ಮೆಂಟರ್. ಮೆಂಟರ್ ಅಪ್ಪ ಅಮ್ಮ ಆಗಬಾರದು, ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು. ನಮ್ಮ ಮಗ ನನ್ನ ಮುಂದೆ ಒಂದು ಪ್ಯಾರಾ ಬರೆಯಲು ಮೂರು ವಾರ ತೆಗೆದುಕೊಂಡ. ಅವನ ಅತ್ತೆಯ ಮುಂದೆ ಒಂದು ಮಧ್ಯಾಹ್ನದಲ್ಲಿ ಎರಡು ಪುಟ ಬರೆದ.

## ಹಂತ 1: ಮೊದಲು ಮಗುವನ್ನು ಕೇಳಿ

ಹನ್ನೊಂದೂವರೆ ವಯಸ್ಸಿನ ಹೊತ್ತಿಗೆ ಕೂರಿಸಿಕೊಂಡು ಕೇಳಿ: ನಿನಗೆ ಇದು ಬೇಕಾ? ಬೇಡ ಅಂದರೆ ಬೇಡ ಅಂತಲೇ ಅರ್ಥ ಆಗುವ ಹಾಗೆ ಕೇಳಬೇಕು. "ಬೇಡ ಅಂದರೂ ಮಾಡಲೇಬೇಕು" ಅಂತ ನಿಮ್ಮ ಮನಸ್ಸಿನಲ್ಲಿದ್ದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

"ಗೊತ್ತಿಲ್ಲ" ಅನ್ನುವ ಉತ್ತರವೇ ಜಾಸ್ತಿ. ಪರವಾಗಿಲ್ಲ. "ಮೂರು ತಿಂಗಳು ಮನೆತನದ ಕಥೆ ಮಾತ್ರ ಮಾಡೋಣ, ಆಮೇಲೆ ನೀನೇ ಹೇಳು" ಅನ್ನಿ. ನಾನು ನೋಡಿದ ಮಟ್ಟಿಗೆ ಆ ಮೂರು ತಿಂಗಳಲ್ಲೇ ಮಗುವಿಗೆ ಆಸೆ ಹುಟ್ಟುತ್ತದೆ.

ಎಚ್ಚರಿಕೆಯ ಗುರುತು: ಮಗು ಉಡುಗೊರೆ ಮತ್ತು ಪಾರ್ಟಿ ಬಗ್ಗೆ ಬಿಟ್ಟು ಬೇರೇನೂ ಕೇಳುತ್ತಿಲ್ಲ ಅಂದರೆ, ತಪ್ಪು ಮಗುವಿನದಲ್ಲ. ಮನೆಯಲ್ಲಿ ಆ ಮಾತೇ ನಡೆಯುತ್ತಿದೆ ಅಂತ ಅರ್ಥ.

## ಹಂತ 2: ಯಾರ ಜೊತೆ ಮಾಡುವುದು, ಮತ್ತು ತಾಯಿಯ ಪ್ರಶ್ನೆ

ಅಮ್ಮ ಕನ್ನಡದವಳಾಗಿದ್ದು ಯಹೂದಿಯಲ್ಲದಿದ್ದರೆ ಇದನ್ನು ಬೇಗ ತಿಳಿದುಕೊಳ್ಳಿ. ಸಾಂಪ್ರದಾಯಿಕ ಯಹೂದಿ ಕಾನೂನಿನ ಪ್ರಕಾರ ತಾಯಿ ಯಹೂದಿಯಾಗಿದ್ದರೆ ಮಾತ್ರ ಮಗು ಯಹೂದಿ. ಅಮೆರಿಕದ ರಿಫಾರ್ಮ್ ಅನ್ನುವ ಉದಾರ ಪಂಥದವರು 1983ರಲ್ಲಿ, ತಂದೆ ಯಹೂದಿಯಾಗಿದ್ದು ಮಗುವನ್ನು ಯಹೂದಿಯಾಗಿ ಬೆಳೆಸಿದರೆ ಸಾಕು ಅಂತ ನಿರ್ಧಾರ ಮಾಡಿದರು. ಹ್ಯೂಮನಿಸ್ಟಿಕ್ ಯಹೂದಿಗಳು ಈ ಲೆಕ್ಕವನ್ನೇ ಕೇಳುವುದಿಲ್ಲ, ಯಹೂದಿ ಜನರ ಕಥೆಯನ್ನು ತನ್ನದು ಅಂದುಕೊಂಡವರು ಅವರಿಗೆ ಯಹೂದಿಗಳೇ. ಈ ಪಂಥ ಶುರುವಾದದ್ದು 1963ರಲ್ಲಿ, ಡೆಟ್ರಾಯಿಟ್ ಹತ್ತಿರ, ಶೆರ್ವಿನ್ ವೈನ್ ಅನ್ನುವ ರಬ್ಬಿಯಿಂದ (ಯಹೂದಿ ಗುರು). ದೇವರಿಗೆ ಪ್ರಾರ್ಥನೆ ಇಲ್ಲದೆ ಹಬ್ಬ, ಇತಿಹಾಸ, ನೀತಿ ಉಳಿಸಿಕೊಂಡ ಪಂಥ ಅದು. ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಶ್ ಭಾಷೆ ಮತ್ತು ಕಾರ್ಮಿಕ ಚಳವಳಿಯ ಹಿನ್ನೆಲೆಯ ವರ್ಕರ್ಸ್ ಸರ್ಕಲ್ ಅನ್ನುವ ಸಂಘ ಇನ್ನೊಂದು ದಾರಿ, ಅದು 1900ರಿಂದ ಇದೆ.

ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ: "ತಾಯಿ ಯಹೂದಿಯಲ್ಲ, ನಮ್ಮ ಮಗುವನ್ನು ಒಪ್ಪುತ್ತೀರಾ? ಅಮ್ಮ ವೇದಿಕೆ ಮೇಲೆ ಮಾತಾಡಬಹುದಾ?" ನಾವು ಎರಡನೇ ಪ್ರಶ್ನೆ ಕೇಳಿರಲಿಲ್ಲ. ಒಂದು ಕಡೆ ಆರು ತಿಂಗಳು ಹೋದ ಮೇಲೆ, ನಾನು ಕೆಳಗೆ ಕೂತು ನೋಡಬಹುದು ಅಷ್ಟೇ ಅಂತ ಗೊತ್ತಾಯಿತು. ಆವತ್ತು ಕಾರಿನಲ್ಲಿ ಮಗಳು ಮನೆಗೆ ಬರುವ ತನಕ ಒಂದು ಮಾತೂ ಆಡಲಿಲ್ಲ.

ಹತ್ತಿರ ಯಾವ ಗುಂಪೂ ಇಲ್ಲದಿದ್ದರೆ ಮನೆಯಲ್ಲೇ ಮಾಡಿ. ರಬ್ಬಿ ಇರಲೇಬೇಕು ಅನ್ನುವ ನಿಯಮ ಸಂಪ್ರದಾಯದಲ್ಲೂ ಇಲ್ಲ.

## ಹಂತ 3: ಕ್ಯಾಲೆಂಡರನ್ನು ಕೊನೆಯ ದಿನದಿಂದ ಹಿಂದಕ್ಕೆ ಬರೆಯಿರಿ

ದಿನ ಗೊತ್ತು ಮಾಡಿ, ಹಾಲ್ ಹಿಡಿದಿಡಿ, ಅಷ್ಟಕ್ಕೇ ನಿಲ್ಲಿಸಿ. ಮೆನು, ಬಣ್ಣ, ಡಿಜೆ ಎಲ್ಲ ಕೊನೆಯ ನಾಲ್ಕು ತಿಂಗಳ ಕೆಲಸ. ಆ ದಿನದಿಂದ ಹಿಂದಕ್ಕೆ ಎಣಿಸಿ: ಎರಡು ವಾರ ಮೊದಲು ಪೂರ್ತಿ ಅಭ್ಯಾಸ, ಆರು ವಾರ ಮೊದಲು ಭಾಷಣ ಮುಗಿದಿರಬೇಕು, ಐದು ತಿಂಗಳು ಮೊದಲು ದೊಡ್ಡ ಪ್ರಶ್ನೆಯ ಬರಹ, ಎಂಟು ತಿಂಗಳು ಮೊದಲು ಆದರ್ಶ ವ್ಯಕ್ತಿ, ಒಂದು ವರ್ಷ ಮೊದಲು ಮನೆತನದ ಸಂದರ್ಶನಗಳು.

ಅಜ್ಜಿ ತಾತ ಊರಿನಿಂದ ಬರಬೇಕಾದರೆ ಅವರ ವೀಸಾ ಅರ್ಜಿಯೇ ಕ್ಯಾಲೆಂಡರಿನ ಮೊದಲ ಸಾಲು. ವೀಸಾ ಸಂದರ್ಶನದ ದಿನ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು.

## ಹಂತ 4: ಮನೆತನದ ಕಥೆ

ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ಮೊದಲೇ ಮಾಡಿ, ಯಾಕೆಂದರೆ ಹಿರಿಯರು ಕಾಯುವುದಿಲ್ಲ.

ಮಗುವೇ ಪ್ರಶ್ನೆ ಕೇಳಬೇಕು, ನೀವು ಕೋಣೆಯಲ್ಲಿ ಇರಬಾರದು. ನೀವಿದ್ದರೆ ಮಾವನವರು ನಿಮಗೆ ಹೇಳುವ ಹಾಗೆ ಹೇಳುತ್ತಾರೆ, ಮೊಮ್ಮಗಳಿಗೆ ಹೇಳುವ ಹಾಗಲ್ಲ. ಒಂದು ಸಲಕ್ಕೆ ನಲವತ್ತು ನಿಮಿಷ ಸಾಕು. "ನಿಮ್ಮ ಜೀವನದ ಬಗ್ಗೆ ಹೇಳಿ" ಅಂದರೆ ಯಾರೂ ಏನೂ ಹೇಳುವುದಿಲ್ಲ. ಕೈಗೆ ಸಿಗುವ ವಸ್ತುಗಳಿಂದ ಶುರು ಮಾಡಿ: ನೀವು ಹದಿಮೂರು ವರ್ಷದವರಿದ್ದಾಗ ಮಲಗುತ್ತಿದ್ದದ್ದು ಎಲ್ಲಿ? ಬೆಳಿಗ್ಗೆ ಅಡಿಗೆಮನೆಯಲ್ಲಿ ಯಾವ ಭಾಷೆ ಕೇಳಿಸುತ್ತಿತ್ತು? ಅಪ್ಪ ಅಮ್ಮ ಜಗಳ ಆಡುವಾಗ ಯಾವ ಭಾಷೆ?

ಈ ಕೊನೆಯ ಪ್ರಶ್ನೆಗೆ ನಮ್ಮ ಮಾವ ಎದ್ದು ಹೋಗಿ, ಹೊಲಿಗೆ ಡಬ್ಬದಿಂದ ಒಂದು ಬೆರಳುಕವಚ ತಂದರು. ಹೊಲಿಯುವಾಗ ಸೂಜಿ ಚುಚ್ಚದಿರಲಿ ಅಂತ ಹಾಕಿಕೊಳ್ಳುವ ಪುಟ್ಟ ಲೋಹದ ಟೋಪಿ ಅದು. ಅವರ ತಾಯಿಯದು. ಆ ತಾಯಿ ಮ್ಯಾನ್‌ಹ್ಯಾಟನ್‌ನ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು, ಮಕ್ಕಳಿಗೆ ಗೊತ್ತಾಗಬಾರದ ಮಾತನ್ನೆಲ್ಲ ಯಿಡ್ಡಿಶ್‌ನಲ್ಲಿ ಆಡುತ್ತಿದ್ದರು. ಒಂದು ಕಡೆ ಸೂಜಿ ತಾಗಿ ತಾಗಿ ಕವಚದ ಮೇಲಿನ ಪುಟ್ಟ ಕುಳಿಗಳು ಸವೆದು ನುಣ್ಣಗಾಗಿದ್ದವು. ಮಗಳು ಅದನ್ನು ಬೆರಳಿಗೆ ಹಾಕಿ ನೋಡಿದಳು. ಸರಿಯಾಗಿ ಕೂತಿತು. ಅವಳ ಭಾಷಣದ ಮೊದಲ ಸಾಲು ಆವತ್ತೇ ಸಿಕ್ಕಿತು.

ಇಲ್ಲಿ ಆಗುವ ಸಾಮಾನ್ಯ ತಪ್ಪುಗಳು ಮೂರು.

ಒಂದು, "ಎಲಿಸ್ ಐಲ್ಯಾಂಡ್‌ನಲ್ಲಿ ಅಧಿಕಾರಿಗಳು ನಮ್ಮ ಹೆಸರು ಬದಲಾಯಿಸಿದರು" ಅನ್ನುವ ಮಾತು. ಹಡಗಿನಲ್ಲಿ ಬಂದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ದ್ವೀಪ ಅದು. ಬಹಳ ಮನೆಗಳಲ್ಲಿ ಈ ಕಥೆ ಇದೆ, ಮಕ್ಕಳು ಹಾಗೇ ಬರೆದುಬಿಡುತ್ತಾರೆ. ಅಲ್ಲಿನ ಅಧಿಕಾರಿಗಳು ಹೆಸರು ಬರೆಯುತ್ತಲೇ ಇರಲಿಲ್ಲ, ಹಡಗು ಹೊರಡುವ ಕಡೆ ತಯಾರಾದ ಪಟ್ಟಿಯ ಜೊತೆ ತಾಳೆ ನೋಡುತ್ತಿದ್ದರು. ಹೆಸರು ಬದಲಾದದ್ದು ಸಾಮಾನ್ಯವಾಗಿ ಆಮೇಲೆ, ಕೆಲಸಕ್ಕೆ ಸೇರುವಾಗಲೋ ಪೌರತ್ವ ತೆಗೆದುಕೊಳ್ಳುವಾಗಲೋ, ಅವರೇ ಬದಲಾಯಿಸಿಕೊಂಡದ್ದು. ಯಾಕೆ ಬದಲಾಯಿಸಿಕೊಂಡರು ಅನ್ನುವುದು ಮಗುವಿಗೆ ಇನ್ನೂ ಒಳ್ಳೆ ಪ್ರಶ್ನೆ, ಅಲ್ವಾ? 1906ರ ನಂತರದ ಪೌರತ್ವದ ಕಾಗದಗಳಲ್ಲಿ ವಿವರ ಜಾಸ್ತಿ ಇರುತ್ತದೆ, ಅವನ್ನು ಹುಡುಕಿಸಿ.

ಎರಡು, "ನಾವು ರಷ್ಯಾದವರು" ಅಂದ ತಕ್ಷಣ ಇವತ್ತಿನ ರಷ್ಯಾದ ನಕ್ಷೆ ತೆಗೆಯುವುದು. ಆಗಿನ ರಷ್ಯನ್ ಸಾಮ್ರಾಜ್ಯದ ಆ ಊರು ಈಗ ಉಕ್ರೇನ್, ಬೆಲಾರುಸ್, ಲಿಥುವೇನಿಯ ಅಥವಾ ಪೋಲೆಂಡ್‌ನಲ್ಲಿ ಇರಬಹುದು. ಒಂದೇ ಊರಿಗೆ ಹಲವು ಹೆಸರು: ವಿಲ್ನ, ವಿಲ್ನೊ, ವಿಲ್ನಿಯಸ್ ಎಲ್ಲ ಒಂದೇ. ಯಹೂದಿ ವಂಶಾವಳಿಯ ಜ್ಯೂಯಿಶ್‌ಜೆನ್ ಜಾಲತಾಣದಲ್ಲಿ ಹಳೆ ಹೆಸರು ಹಾಕಿದರೆ ಊರು ಸಿಗುತ್ತದೆ.

ಮೂರನೆಯದು ಸೂಕ್ಷ್ಮ. ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆ ಹಾಲೊಕಾಸ್ಟ್‌ನಲ್ಲಿ, ಅಂದರೆ ನಾಜಿಗಳು ನಡೆಸಿದ ಯಹೂದಿಗಳ ಹತ್ಯಾಕಾಂಡದಲ್ಲಿ, ಸತ್ತವರ ಹೆಸರುಗಳನ್ನು ಎಲ್ಲರಿಗೂ ಸಿಗುವ ಹಾಗೆ ಇಟ್ಟಿದೆ. ಅಲ್ಲಿ ಮನೆತನದ ಹೆಸರು ಮೊದಲು ನೀವು ಹುಡುಕಿ, ಆಮೇಲೆ ಮಗುವಿನ ಜೊತೆ ಕೂತು ಹುಡುಕಿ. ಹನ್ನೆರಡು ವರ್ಷದ ಮಗು ರಾತ್ರಿ ಒಬ್ಬಳೇ ಕೂತು ತನ್ನದೇ ಹೆಸರಿನ, ತನ್ನದೇ ವಯಸ್ಸಿನ ಹುಡುಗಿಯ ದಾಖಲೆ ನೋಡುವುದು ಬೇಡ.

ಕನ್ನಡದ ಕಡೆಯನ್ನೂ ಬಿಡಬೇಡಿ. ಬೇಸಿಗೆಯಲ್ಲಿ ಇಲ್ಲಿ ಶನಿವಾರ ಬೆಳಿಗ್ಗೆ ಎಂಟು ಅಂದರೆ ಊರಿನಲ್ಲಿ ಸಂಜೆ ಐದೂವರೆ, ಅಜ್ಜಿ ಕಾಫಿ ಕುಡಿದು ಆರಾಮಾಗಿ ಕೂತಿರುವ ಹೊತ್ತು. ಅದೇ ಪ್ರಶ್ನೆಗಳನ್ನೇ ಕೇಳಲಿ. ಮಗುವಿನ ಕಥೆಯ ಅರ್ಧ ಅಲ್ಲಿದೆ.

## ಹಂತ 5: ಪಾಠ

ಹಬ್ಬಗಳು, ಇತಿಹಾಸದ ಮುಖ್ಯ ಘಟ್ಟಗಳು, ಹೀಬ್ರೂ ಅಕ್ಷರ, ನೂರು ಯಿಡ್ಡಿಶ್ ಪದ. ವಾರಕ್ಕೆ ಒಂದೂವರೆ ಗಂಟೆ ಸಾಕು. ಹಬ್ಬಗಳನ್ನು ಪುಸ್ತಕದಲ್ಲಿ ಓದಿಸಬೇಡಿ, ಆ ವರ್ಷ ಒಂದೊಂದು ಹಬ್ಬದ ಊಟದ ಜವಾಬ್ದಾರಿಯನ್ನು ಮಗುವಿಗೇ ಕೊಡಿ. ಪೆಸಾಖ್ ಹಬ್ಬದ ಸೆಡರ್ ಊಟವನ್ನು ತಾನೇ ನಡೆಸಿದ ಹುಡುಗನಿಗೆ ಗುಲಾಮಗಿರಿಯಿಂದ ಬಿಡುಗಡೆಯ ಕಥೆ ಮರೆಯುವುದಿಲ್ಲ.

## ಹಂತ 6: ಆದರ್ಶ ವ್ಯಕ್ತಿ

ಬಿಟ್ಟರೆ ಎಲ್ಲ ಮಕ್ಕಳೂ ಐನ್‌ಸ್ಟೈನ್ ಅನ್ನುತ್ತಾರೆ. ಐನ್‌ಸ್ಟೈನ್ ಆಗಲಿ, ಆದರೆ "ಬುದ್ಧಿವಂತ" ಅನ್ನುವುದು ಕಾರಣ ಆಗಬಾರದು. ನಾನು ಮಕ್ಕಳಿಂದ ಮೂರು ವಿಷಯ ಬರೆಸುತ್ತೇನೆ: ಇವರು ಏನು ಕಳೆದುಕೊಳ್ಳಬಹುದಿತ್ತು, ಏನು ತಪ್ಪು ಮಾಡಿದರು, ಇವರ ಜಾಗದಲ್ಲಿ ನೀನಿದ್ದರೆ ಎಲ್ಲಿ ಹಿಂದೆ ಸರಿಯುತ್ತಿದ್ದೆ. ಮೂರಕ್ಕೂ ಉತ್ತರ ಇಲ್ಲದಿದ್ದರೆ ವ್ಯಕ್ತಿ ಬದಲಾಯಿಸಿ.

ಕ್ಲಾರಾ ಲೆಮ್ಲಿಕ್ ಒಳ್ಳೆ ಆಯ್ಕೆ. 1909ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಕೂಪರ್ ಯೂನಿಯನ್ ಸಭೆಯಲ್ಲಿ ದೊಡ್ಡವರೆಲ್ಲ ಮಾತಾಡುತ್ತಲೇ ಇದ್ದಾಗ ಈ ಹುಡುಗಿ ಎದ್ದು ನಿಂತು ಯಿಡ್ಡಿಶ್‌ನಲ್ಲಿ ಮುಷ್ಕರಕ್ಕೆ ಕರೆ ಕೊಟ್ಟಳು. ಸುಮಾರು 20,000 ಬಟ್ಟೆ ಕಾರ್ಮಿಕರು ಕೆಲಸ ನಿಲ್ಲಿಸಿದರು, ಹೆಚ್ಚಿನವರು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ಮುಂದೆ 1911ರ ಮಾರ್ಚ್ 25ರಂದು ನ್ಯೂಯಾರ್ಕ್‌ನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯ ಬೆಂಕಿಯಲ್ಲಿ 146 ಜನ ಸತ್ತರು. ಎರಡನ್ನೂ ಜೊತೆಯಲ್ಲಿ ಓದಿದ ಮಗು ಸುಮ್ನೆ "ಧೈರ್ಯವಂತೆ" ಅಂತ ಬರೆದು ಮುಗಿಸುವುದಿಲ್ಲ.

ಭಾರತದ ಕಡೆಯ ಮಕ್ಕಳಿಗೆ ನಾನು ಜನರಲ್ ಜೆ.ಎಫ್.ಆರ್. ಜೇಕಬ್ ಹೆಸರು ಹೇಳುತ್ತೇನೆ. ಬಾಗ್ದಾದ್ ಕಡೆಯಿಂದ ಬಂದು ಕೋಲ್ಕತ್ತದಲ್ಲಿ ನೆಲೆಸಿದ ಯಹೂದಿ ಮನೆತನದವರು, 1971ರ ಡಿಸೆಂಬರ್‌ನಲ್ಲಿ ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಶರಣಾಗತಿಯ ಮಾತುಕತೆ ನಡೆಸಿದವರು.

## ಹಂತ 7: ದೊಡ್ಡ ಪ್ರಶ್ನೆ

ಇಲ್ಲಿ ಮಕ್ಕಳು ವಿಷಯ ಆರಿಸುತ್ತಾರೆ, ಪ್ರಶ್ನೆ ಆರಿಸುವುದಿಲ್ಲ. "ಹಾಲೊಕಾಸ್ಟ್" ಅನ್ನುವುದು ವಿಷಯ. ಅದರ ಮೇಲೆ ಬರೆದರೆ ಹತ್ತು ಪುಟ ನಕಲು ಸಿಗುತ್ತದೆ. ಪ್ರಶ್ನೆ ಅಂದರೆ ಹೀಗಿರಬೇಕು: "ದೇವರಿಲ್ಲ ಅನ್ನುವ ನಮ್ಮ ತಾತ ಹಂದಿಮಾಂಸ ಯಾಕೆ ತಿನ್ನುವುದಿಲ್ಲ?" (ಯಹೂದಿ ಧರ್ಮದಲ್ಲಿ ಹಂದಿಮಾಂಸ ನಿಷಿದ್ಧ.) ನಾನು ಮೆಂಟರ್ ಆಗಿದ್ದ ಒಬ್ಬ ಹುಡುಗ ನಿಜವಾಗಲೂ ಇದನ್ನೇ ತೆಗೆದುಕೊಂಡ. ತಾತನನ್ನು ಕೇಳಿದ, ಅವರ ತಂಗಿಯನ್ನು ಕೇಳಿದ, ಇಬ್ಬರ ಉತ್ತರ ಬೇರೆ ಬೇರೆ ಬಂತು. ಅಲ್ಲಿಂದ ನಂಬಿಕೆ ಹೋದ ಮೇಲೂ ಅಭ್ಯಾಸ ಯಾಕೆ ಉಳಿಯುತ್ತದೆ ಅನ್ನುವ ಕಡೆಗೆ ಹೋದ.

ತೋರಾ ಬೇಡವೇ ಬೇಡ ಅಂತ ಹಟ ಮಾಡಬೇಕಿಲ್ಲ. ಅದನ್ನು ಹಳೆಯ ಸಾಹಿತ್ಯದ ಹಾಗೆ ಓದಿ ವಾದ ಮಾಡಬಹುದು. ಸೊದೋಮ್ ಊರನ್ನು ನಾಶ ಮಾಡುತ್ತೇನೆ ಅಂದ ದೇವರ ಜೊತೆ ಅಬ್ರಹಾಂ ಚೌಕಾಸಿ ಮಾಡುವ ಭಾಗ ಇದೆ. ಐವತ್ತು ಒಳ್ಳೆಯವರಿದ್ದರೆ ಬಿಡುತ್ತೀಯಾ ಅಂತ ಶುರು ಮಾಡಿ ಹತ್ತಕ್ಕೆ ಇಳಿಸುತ್ತಾನೆ. "ಹತ್ತಕ್ಕೇ ಯಾಕೆ ನಿಲ್ಲಿಸಿದ?" ಅಂತ ಮಗು ಕೇಳಿತು ಅಂದರೆ ಪ್ರಶ್ನೆ ಸಿಕ್ಕಿತು. ಇನ್ನೊಂದು ಒಳ್ಳೆ ದಾರಿ ಕೊಚ್ಚಿ: ಮಟ್ಟಂಚೇರಿಯ ಪರದೇಸಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) 1568ರದು, ಊರಿಗೆ ಹೋದಾಗ ಮಗು ಅಲ್ಲಿ ನಿಂತು ನೋಡಿ ಬರಬಹುದು.

ಎಚ್ಚರಿಕೆಯ ಗುರುತು: ಬರಹದಲ್ಲಿ "ಯಹೂದಿ ಧರ್ಮ ಹೇಳುತ್ತದೆ" ಅನ್ನುವ ಸಾಲು ಪದೇಪದೇ ಬರುತ್ತಿದೆ. ಯಾರು ಹೇಳಿದರು, ಯಾವಾಗ ಹೇಳಿದರು, ಒಪ್ಪದವರು ಯಾರು ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಆ ಸಾಲು ಹೊಡೆದುಹಾಕಿಸಿ. ಎಐ ಹತ್ತಿರ ಬರೆಸಿದ್ದರೂ ಇದೇ ಗುರುತು.

## ಹಂತ 8: ಸೇವೆ

ಹೀಬ್ರೂವಿನಲ್ಲಿ ದಾನಕ್ಕೆ "ತ್ಸೆದಾಕಾ" ಅನ್ನುತ್ತಾರೆ, ಅದರ ಮೂಲ "ನ್ಯಾಯ" ಅನ್ನುವ ಪದ. ಅಂದರೆ ಅದು ದಯೆಯಿಂದ ಕೊಡುವುದಲ್ಲ, ಕೊಡಲೇಬೇಕಾದದ್ದು. ಇದನ್ನು ಮಗುವಿಗೆ ಮೊದಲೇ ಹೇಳಿ.

ಆನ್‌ಲೈನ್‌ನಲ್ಲಿ ಹಣ ಎತ್ತುವುದನ್ನು ಸೇವೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮಗು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು, ಅಲ್ಲಿನವರಿಗೆ ಅವಳ ಹೆಸರು ಗೊತ್ತಾಗುವಷ್ಟು. ನನ್ನ ಮಗಳು ಒಂದು ಉಚಿತ ದಿನಸಿ ಕೇಂದ್ರದಲ್ಲಿ ಆರು ತಿಂಗಳು ಶನಿವಾರ ಅಕ್ಕಿ ಪೊಟ್ಟಣ ಕಟ್ಟಿದಳು. ಮೊದಲ ತಿಂಗಳು ಬರೀ ಬೇಜಾರು. ಮೂರನೇ ತಿಂಗಳಲ್ಲಿ ಒಬ್ಬ ಅಜ್ಜಿಗೆ ಡಬ್ಬಿ ತೆರೆಯುವ ಉಪಕರಣವೇ ಇಲ್ಲ ಅಂತ ಗಮನಿಸಿದಳು, ಕೈಯಲ್ಲೇ ಎಳೆದು ತೆರೆಯುವ ಡಬ್ಬಿಗಳನ್ನು ಬೇರೆ ಎತ್ತಿಡಲು ಶುರು ಮಾಡಿದಳು. ಇಂಥದ್ದು ಒಂದು ದಿನದ ಭೇಟಿಯಲ್ಲಿ ಕಾಣುವುದಿಲ್ಲ.

ಒಂದೇ ಕಡೆ ಹೋಗಲು ಆಗದಿದ್ದರೆ ಇಸ್ರೇಲ್‌ನ ಕಿಬುತ್ಸ್‌ಗಳಲ್ಲಿ (ಸಾಮೂಹಿಕ ಹಳ್ಳಿಗಳು) ಇರುವ ಪದ್ಧತಿ ನೋಡಿ. ಅಲ್ಲಿ ಒಂದೇ ವಯಸ್ಸಿನ ಮಕ್ಕಳು ಆ ವರ್ಷ 13 ಕೆಲಸಗಳನ್ನು ಮಾಡಿ ಮುಗಿಸುತ್ತಾರೆ. ಹದಿಮೂರನ್ನೂ ಮಗುವೇ ಪಟ್ಟಿ ಮಾಡಲಿ.

## ಹಂತ 9: ಭಾಷಣ

ಹತ್ತರಿಂದ ಹನ್ನೆರಡು ನಿಮಿಷ, ಇಂಗ್ಲಿಷ್‌ನಲ್ಲಾದರೆ ಸುಮಾರು 1,300 ಪದ. ಹಿಂದಿನ ನಾಲ್ಕು ಬರಹಗಳನ್ನು ಅಂಟಿಸಿ ಭಾಷಣ ಮಾಡಲು ಹೋಗಬೇಡಿ, ನಲವತ್ತು ನಿಮಿಷ ಆಗುತ್ತದೆ. ಎಲ್ಲ ಬರಹ ಪಕ್ಕಕ್ಕಿಡಿ. "ಈ ವರ್ಷ ನಿನ್ನ ಮನಸ್ಸು ಎಲ್ಲಿ ಬದಲಾಯಿತು?" ಅಂತ ಮೆಂಟರ್ ಕೇಳಲಿ, ಮಗು ಮಾತಾಡಲಿ, ಅದನ್ನು ರೆಕಾರ್ಡ್ ಮಾಡಿ. ಮೊದಲ ಕರಡು ಅದೇ.

ತಿದ್ದುವಾಗ ಅಪ್ಪ ಅಮ್ಮ ಪೆನ್ನು ಹಿಡಿಯಬಾರದು. ಅರ್ಥವಾಗದ ಕಡೆ ಪ್ರಶ್ನೆಚಿಹ್ನೆ ಹಾಕಿ, ಅಷ್ಟೇ. ಮಗು ದೊಡ್ಡವರ ಮುಂದೆ ಒಪ್ಪದ ಮಾತೊಂದನ್ನು ಬರೆದಿದ್ದರೆ ಅದನ್ನು ತೆಗೆಸಲೇಬೇಡಿ. ಮನೆಯಲ್ಲಿ ಜಗಳ ಆಗುವುದು ಇಲ್ಲೇ. ನನ್ನ ಮಗ ತಾತನ ರಾಜಕೀಯವನ್ನು ಒಪ್ಪುವುದಿಲ್ಲ ಅಂತ ತಾತನ ಎದುರೇ ಹೇಳಿದ, ಯಾಕೆ ಅಂತಲೂ ಹೇಳಿದ. ಮಾವ ಕೊನೆಯಲ್ಲಿ ಎದ್ದು ಬಂದು ಅವನ ಕೈ ಕುಲುಕಿದರು.

ನಿಂತು, ಜೋರಾಗಿ, ಕಾಗದ ಹಿಡಿದು ದಿನಕ್ಕೆ ಒಂದು ಸಲ ಓದಲಿ. ಮಕ್ಕಳು ಆ ದಿನ ಖಂಡಿತ ಬೇಗ ಬೇಗ ಓದುತ್ತಾರೆ. ಪ್ರತಿ ಪುಟದ ಕೆಳಗೆ ಕೆಂಪು ಪೆನ್ನಿನಲ್ಲಿ "ಉಸಿರು" ಅಂತ ಬರೆದಿಡಿ.

## ಹಂತ 10: ಆ ದಿನ

ಒಂದು ಗಂಟೆ ಮೀರಬಾರದು. ನಾವು ಮಾಡಿದ ಕ್ರಮ: ಸ್ವಾಗತ, ಒಂದು ಹಾಡು, ಅಪ್ಪ ಅಮ್ಮನ ಎರಡು ಮಾತು, ಮಗುವಿನ ಭಾಷಣ, ಮೆಂಟರ್ ಮಾತು, ವಸ್ತು ದಾಟಿಸುವುದು, ಇನ್ನೊಂದು ಹಾಡು, ಹಲ್ಲಾ ಬ್ರೆಡ್ ಮುರಿದು ಊಟ. ಸಿನಗಾಗ್‌ಗಳಲ್ಲಿ ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗುವಿಗೆ ತೋರಾ ಸುರುಳಿ ದಾಟಿಸುವುದುಂಟು. ನಾವು ಆ ಬೆರಳುಕವಚ ದಾಟಿಸಿದೆವು. ನನ್ನ ಅಮ್ಮ ಮೈಸೂರಿನಿಂದ ತಂದ ಕುಂಕುಮದ ಭರಣಿಯೂ ಅದರ ಜೊತೆ ಬಂತು. ಮಗಳು ಅಜ್ಜಿಗಾಗಿ ಒಂದು ಪ್ಯಾರಾ ಕನ್ನಡದಲ್ಲಿ ಓದಿದಳು.

ಪ್ರತಿ ಸಾಲನ್ನೂ ಮಗುವಿನ ಜೊತೆ ಓದಿ, "ಇದನ್ನು ನೀನು ನಂಬಿ ಹೇಳ್ತೀಯಾ?" ಅಂತ ಕೇಳಿ. ಇಲ್ಲ ಅಂದ ಸಾಲು ಇರಬಾರದು, ಎಷ್ಟೇ ಚೆನ್ನಾಗಿ ಕೇಳಿಸಿದರೂ ಸರಿ. ಸಂಪ್ರದಾಯದ ನೆಂಟರಿಗೆ ಒಂದು ತಿಂಗಳು ಮೊದಲೇ ಫೋನ್ ಮಾಡಿ, ಪ್ರಾರ್ಥನೆ ಇರುವುದಿಲ್ಲ ಅಂತ ಹೇಳಿ. ಹಾಲ್‌ಗೆ ಬಂದ ಮೇಲೆ ಗೊತ್ತಾದರೆ ಬೇಜಾರು ಜಾಸ್ತಿ.

## ಹಂತ 11: ಮಾರನೇ ವಾರ

ನೆಂಟರು 18ರ ಲೆಕ್ಕದಲ್ಲಿ ಹಣ ಕೊಡುತ್ತಾರೆ: 36, 54, 180 ಡಾಲರ್, ಹೀಗೆ. ಹೀಬ್ರೂವಿನಲ್ಲಿ "ಖಾಯ್", ಅಂದರೆ "ಜೀವಂತ", ಅನ್ನುವ ಪದದ ಅಕ್ಷರಗಳಿಗೆ ಸಂಪ್ರದಾಯದಲ್ಲಿ ಇರುವ ಸಂಖ್ಯೆಗಳನ್ನು ಕೂಡಿದರೆ 18 ಬರುತ್ತದೆ, ಅದಕ್ಕೆ. ಕವರ್ ತೆರೆಯುವ ಮೊದಲೇ ಎಷ್ಟು ಭಾಗ ತಾನು ಸೇವೆ ಮಾಡಿದ ಜಾಗಕ್ಕೆ ಹೋಗಬೇಕು ಅಂತ ಮಗು ತೀರ್ಮಾನ ಮಾಡಲಿ. ತೆರೆದ ಮೇಲೆ ಕಷ್ಟ.

ಧನ್ಯವಾದದ ಪತ್ರಗಳು ದಿನಕ್ಕೆ ಐದರಂತೆ, ಕೈಯಲ್ಲೇ. ಸಂದರ್ಶನದ ರೆಕಾರ್ಡಿಂಗ್‌ಗಳನ್ನು ಎರಡು ಕಡೆ ಕಾಪಿ ಮಾಡಿ, ಫೈಲಿಗೆ ಹೆಸರು, ದಿನ, ಊರು ಹಾಕಿ, ಒಂದು ಪ್ರತಿಯನ್ನು ಸಂದರ್ಶನ ಕೊಟ್ಟ ಹಿರಿಯರಿಗೇ ಕಳಿಸಿ. ಅವರು ಕೇಳಿ, "ಅಯ್ಯೋ, ಇದೊಂದು ಹೇಳೋದು ಮರೆತೆ" ಅಂತ ಫೋನ್ ಮಾಡುತ್ತಾರೆ. ಆಗ ಮಗುವಿನ ಕೈಗೆ ಫೋನ್ ಕೊಡಿ.